ವೀಳ್ಯ ಹಂಚಿದ ಮೇಲಿನ ಮಾತು

“ಗುರುಗಳೇ, ಊರಿನ ಸಭೆಗೆ ಹೆಂಗಸರನ್ನೂ ಕರೆದಿದ್ದೆ. ನಿಮ್ಮದೇನು ಎಂದು ಕೇಳಿಯೂ ಇದ್ದೆ. ಒಬ್ಬರೂ ತುಟಿ ಬಿಚ್ಚಲಿಲ್ಲ. ತಪ್ಪು ನನ್ನದೇ?” ಎಂದು ಶಿಷ್ಯ ಕೇಳಿದ.

“ನಾನು ಹೇಳುವುದನ್ನು ನೀನು ನಂಬುವುದಿಲ್ಲ. ನಂಬದಿದ್ದರೆ ಬಿಡು, ನನಗೇನೂ ನಷ್ಟವಿಲ್ಲ,” ಎಂದರು ಗುರುಗಳು. “ನಮ್ಮೂರ ಮಣ್ಣಿನ ಗಡಿಗೆ ಅಟ್ಟದಿಂದ ಬಿದ್ದರೂ ಒಡೆಯುತ್ತಿರಲಿಲ್ಲ. ಸುತ್ತಲ ಹದಿನೆಂಟು ಹಳ್ಳಿಯ ಮದುವೆಗೆ, ನೀರು ತುಂಬಿ ಪೂಜಿಸುವ ಐರಾಣಿ ಗಡಿಗೆ ಹೋಗುತ್ತಿದ್ದದ್ದು ನಮ್ಮಲ್ಲಿಂದಲೇ. ಈಗ ಅಲ್ಲಿ ಕುಂಬಾರರ ಒಂದು ತಿಗರಿಯೂ ತಿರುಗುವುದಿಲ್ಲ. ಆ ಹಸಿಮಣ್ಣಿನ ವಾಸನೆ ಮಾತ್ರ ನನ್ನ ಮೂಗು ಬಿಟ್ಟಿಲ್ಲ.” ಹೀಗೆಂದು ಕತೆ ತೆಗೆದರು.

ಆ ಊರಿನಲ್ಲಿ ಒಬ್ಬ ಕುಂಬಾರನಿದ್ದ. ಹರೆಯದವನು. ತಿಗರಿಯ ಮುಂದೆ ಕೂತರೆ ತನಗೆ ಸರಿಸಾಟಿಯಿಲ್ಲವೆಂದು ಮೀಸೆ ತಿರುವುತ್ತಿದ್ದ. ಆ ವರ್ಷ ಮದುವೆಯ ಗಡಿಗೆಗೆಂದು ಹೊಸ ಗುಂಡಿಯೊಂದನ್ನು ಅವನೇ ಹುಡುಕಿದ. ಅಲ್ಲಿಂದ ತಂದ ಮೊದಲ ಬುಟ್ಟಿ ಮಣ್ಣನ್ನು ಅವನ ಹೆಂಡತಿ ತುಳಿದಳು. ಮಣ್ಣು ತುಳಿದು ಹದ ಮಾಡುವುದು ಅಲ್ಲಿ ಹೆಂಗಸರ ಕೆಲಸ. ಅಂಗಾಲಿಗೆ ಸುಣ್ಣದ ಹರಳು ಒತ್ತಿದವು.

ಸಂಜೆ ಕುಂಬಾರರ ಕೂಟ ಸೇರಿತು. ಹೊಸ ಗುಂಡಿಯ ಮಣ್ಣೇ ಆಗಲಿ ಎಂದು ಗಂಡಸರು ತೀರ್ಮಾನಿಸಿದರು. ವೀಳ್ಯ ಹಂಚಿದರು. ವೀಳ್ಯ ಕೈಗೆ ಬಂತೆಂದರೆ ಕೂಟ ಮುಗಿಯಿತೆಂದೇ ಅಲ್ಲಿನ ವಾಡಿಕೆ. ಆಮೇಲೆ ಹಿರಿಯನೊಬ್ಬ ಹಿಂದೆ ಕೂತ ಹೆಂಗಸರತ್ತ ತಿರುಗಿ, “ತಾಯಂದಿರೇ, ನಿಮ್ಮದೇನಾದರೂ ಇದೆಯೇ?” ಎಂದ.

“ಏನಿಲ್ಲಪ್ಪ,” ಎಂದರು ಎಲ್ಲರೂ. ಕುಂಬಾರನ ಹೆಂಡತಿಯೂ ಹಾಗೇ ಅಂದಳು.

ಹೆಂಗಸರನ್ನೂ ಕೇಳಿ ಕೆಲಸ ಮಾಡುವ ಊರು ತನ್ನದೆಂದು ಕುಂಬಾರ ಸಂತೆಯಲ್ಲೆಲ್ಲ ಜಂಬ ಕೊಚ್ಚಿದ.

ಗಡಿಗೆಗಳು ಹದವಾಗಿ ಬೆಂದು, ಕಂಚಿನಂತೆ ಸದ್ದು ಮಾಡುತ್ತ ಆವಿಗೆಯಿಂದ ಹೊರಬಂದವು. ಮದುವೆ ಮನೆ ಸೇರಿದವು. ಮೂರನೆಯ ದಿನ ಮಣ್ಣಿನೊಳಗಿನ ಸುಣ್ಣದ ಹರಳು ಉಬ್ಬಿ ಗಡಿಗೆ ಚಕ್ಕೆಚಕ್ಕೆ ಎದ್ದಿತು. ಧಾರೆಗೆ ಮೊದಲೇ ಐರಾಣಿ ಸೋರಿತು. ಬೀಗರು ಗಡಿಗೆ ತಂದು ಅವನ ಬಾಗಿಲಲ್ಲಿಟ್ಟು ಹೋದರು. ಇನ್ನೊಂದು ಸಲ ಹೀಗಾದರೆ ಹದಿನೆಂಟು ಹಳ್ಳಿಯೂ ಬೇರೆ ಊರಿನ ಕುಂಬಾರರನ್ನು ನೋಡಿಕೊಳ್ಳುತ್ತದೆ ಎಂದರು.

ಹರಳಿದ್ದದ್ದು ತುಳಿಯುವಾಗಲೇ ಕಾಲಿಗೆ ಗೊತ್ತಾಗಿತ್ತೆಂದು ಹೆಂಡತಿ ಅಂದದ್ದೇ ತಡ, ಕುಂಬಾರ ಅವಳ ಮೇಲೆ ಹರಿಹಾಯ್ದ. “ನಿನ್ನ ಕಾಲಿಗೆ ಗೊತ್ತಾಗಿತ್ತಂತೆ! ಅಷ್ಟು ಜನ ಕೇಳಿದಾಗ ಬಾಯಲ್ಲಿ ಏನಿಟ್ಟುಕೊಂಡಿದ್ದೆ?”

“ನೀವು ಕೊಟ್ಟ ವೀಳ್ಯ,” ಎಂದಳು ಅವಳು. “ಮುಗಿದ ಮಾತಿಗೆ ಹೂಂ ಅನ್ನಿಸಿಕೊಳ್ಳೋಕೆ ಕೇಳ್ತೀರಿ. ಅದಕ್ಕೆ ನಾವ್ಯಾಕೆ ಬಾಯಿ ನೋಯಿಸಿಕೊಳ್ಳಬೇಕು?”

ಮರುವರ್ಷ ಕುಂಬಾರ ಎರಡು ದಿನ ಅಲೆದು ಇನ್ನೊಂದು ಕಡೆ ಮಣ್ಣು ಕಂಡ. ಮೀಸೆ ಮತ್ತೆ ಮೇಲೇರಿತ್ತು. ಆದರೂ ಗುಂಡಿ ತೋಡುವ ಮೊದಲು ಒಂದು ಬುಟ್ಟಿ ಮಣ್ಣನ್ನು ಹೆಂಡತಿಯ ಕಾಲ ಬಳಿ ಸುರಿದ. ಅವಳು ತುಳಿದು ಮುಗಿಸುವವರೆಗೆ ಕಾದು ನಿಂತ. ವೀಳ್ಯ ಹಂಚಗೊಡದೆ ಕೂಟದವರನ್ನೂ ಕಾಯಿಸಿದ.

ಗುರುಗಳು ಅಷ್ಟಕ್ಕೇ ನಿಲ್ಲಿಸಿದರು.

“ಅಷ್ಟೆಲ್ಲ ಮಾಡಿದ ಮೇಲೆ ಅವನಿಗೆ ಸಿಕ್ಕಿದ್ದೇನು, ಗುರುಗಳೇ?” ಎಂದು ಶಿಷ್ಯ ಕೇಳಿದ.

“ಊರವರೆಲ್ಲರ ಎದುರಿಗೆ, ಹೆಂಡತಿಯಿಂದ, ಒಂದು ‘ಬೇಡ’ ಸಿಕ್ಕಿತು.”