ಅರಸನ ಪಟಕ್ಕೆ ಮಡಿವಾಳನ ಬೆಳಕು

ಕತೆ ಹೇಳಿ ಅಭ್ಯಾಸವಿಲ್ಲ, ಕೆಟ್ಟದಾಗಿ ಹೇಳಿದರೆ ಕ್ಷಮಿಸಿ. ತಾವರೆಗಟ್ಟದ ಅರಸ ಚಿಕ್ಕಭೂಪ ಡಂಗುರ ಸಾರಿಸಿದ: "ನನ್ನ ಮೂರು ಒಗಟು ಬಿಡಿಸಿದವನೇ ಇನ್ನು ಅರಮನೆಯ ಪಟ ತೆಗೆಯುವವನು. ತಪ್ಪಿದವನ ತಲೆ ಹೋಗುತ್ತದೆ." ಪಟವೆಂದರೆ ಗಾಳಿಪಟವಲ್ಲ, ಫೋಟೋ.

ಪಟ್ಟಣದ ಸ್ಟುಡಿಯೋದ ಪುರುಷೋತ್ತಮ ಕೋಟು ತೊಟ್ಟು ಬಂದ. ಅರಸ ಕೇಳಿದ: "ಬಿಸಿಲಿಗೆ ಅಡ್ಡ ನಿಲ್ಲುತ್ತದೆ, ಬಿಸಿಲನ್ನು ಒಳಗೂ ಬಿಡುತ್ತದೆ. ಮುಟ್ಟದೆಯೇ ಮುಖದ ಗುಳಿ ಅಳಿಸುತ್ತದೆ. ಏನದು?"

"ವಿಲಾಯತಿ ಗಾಜು, ಮಹಾಸ್ವಾಮಿ. ಬಡವರ ಮನೆಯಲ್ಲಿ ಸಿಗದು."

"ತಪ್ಪು." ಅವನನ್ನು ಸೆರೆಗೆ ಎಳೆದೊಯ್ದರು.

ದಿವಾನ ವರದಯ್ಯನ ಅಳಿಯ ಬಂದು "ಮೋಡ" ಎಂದ.

"ಮೋಡವನ್ನು ನನ್ನ ಕಿಟಕಿಗೆ ತಂದು ಕಟ್ಟುತ್ತೀಯೇನಯ್ಯಾ?" ಅವನೂ ಸೆರೆಗೆ. ನಾಳೆ ಇಬ್ಬರ ತಲೆಯೂ.

ಆಗ ಯಾರೋ ಕಿಸಕ್ಕನೆ ನಕ್ಕರು. ಒಗೆದ ಬಟ್ಟೆ ಒಪ್ಪಿಸಲು ಬಂದಿದ್ದ ಮಡಿವಾಳರ ಮಾಚ. ನಗಬಾರದಿತ್ತು ಎಂಬುದು ಅವನಿಗೆ ನಕ್ಕ ಮೇಲೆ ಹೊಳೆಯಿತು.

"ನಕ್ಕವನೇ ಬಿಡಿಸಲಿ," ಎಂದ ಅರಸ. "ಮೂರಕ್ಕೂ ಹೇಳು, ಇಲ್ಲವೇ ಕತ್ತು ಕೊಡು."

ವರದಯ್ಯ ಮೂಗು ಮುಚ್ಚಿಕೊಂಡ. "ಬಟ್ಟೆ ಒಗೆಯುವ ಸವುಳು ಮಣ್ಣಿನ ನಾತ ಇಲ್ಲಿಗೂ ಬಂತು! ಕೊಳೆ ಬಿಟ್ಟರೆ ಇವನಿಗೇನು ಗೊತ್ತು?"

ಮಾಚನ ಕಣ್ಣ ಮುಂದೆ ಬಂದವಳು ಹೆಂಡತಿ. ಒಣಹಾಕಿದ ಪಂಚೆಯ ಮರೆಯಲ್ಲಿ ಕೂತರೆ ಉರಿಬಿಸಿಲಲ್ಲೂ ಅವಳ ಮುಖದ ಸಿಡುಬಿನ ಕಲೆ ಕಾಣುತ್ತಿರಲಿಲ್ಲ.

"ಬಿಳಿ ಪಂಚೆ, ಬುದ್ಧಿ."

ಅರಸ ಹುಬ್ಬೇರಿಸಿದ. "ಹೊಟ್ಟೆ ತುಂಬಿದ್ದಾಗ ಕುರುಡು, ಬರಿದಾದಾಗ ಮಿಂಚು. ಕೆಳಗಿದ್ದುಕೊಂಡೇ ಕಣ್ಣಿನಡಿಯ ಕತ್ತಲೆ ಓಡಿಸುತ್ತದೆ."

"ಬೆಳಗಿದ ಊಟದ ತಟ್ಟೆ. ಅನ್ನ ಬೀಳೋ ಮುಂಚೆ ಕೈಯಲ್ಲಿ ಹಿಡಿದರೆ ಬೆಳಕು ಮುಖಕ್ಕೆ ಬಡಿಯುತ್ತೆ. ನಮ್ಮಂಥವರು ಹಾಗೆ ತುಂಬಾ ಹೊತ್ತು ಹಿಡಕೊಂಡು ಕೂರ್ತೀವಿ, ಬುದ್ಧಿ."

"ಸರಿ, ಮೂರನೆಯದು. ಎಷ್ಟು ಬೆಳಕು ಸುರಿದರೂ ನುಂಗುತ್ತದೆ, ಒಂದು ಹನಿಯನ್ನೂ ಹಿಂದಿರುಗಿಸದು. ಪಕ್ಕದಲ್ಲಿದ್ದರೆ ಊದಿದ ಕೆನ್ನೆಯೂ ಸೊರಗುತ್ತದೆ."

'ದಿವಾನರು' ಎಂದು ನಾಲಿಗೆಯ ತುದಿಗೆ ಬಂತು. ಮಾಚ ನುಂಗಿಕೊಂಡ. "ಕರಿ ಕಂಬಳಿ."

ಮೂರೂ ಸರಿ; ಅರಸನಿಗೆ ಬೇರೆ ದಾರಿಯಿರಲಿಲ್ಲ. ಕ್ಯಾಮೆರಾ ಮಾಚನದಾಯಿತು. "ಇನ್ನೇನು ಬೇಕೋ?"

"ಸೆರೆಯಲ್ಲಿರೋ ಇಬ್ಬರನ್ನೂ ಬಿಟ್ಬಿಡಿ, ಬುದ್ಧಿ. ತಲೆ ಇಲ್ಲದವರ ತಲೆ ತೆಗೆದು ಏನು ಫಲ? ಆಮೇಲೆ, ಕಂಬಳಿ ಹಿಡಿಯೋಕೆ ದಿವಾನರನ್ನು ಕೊಡಿ."

ಮಾಚ ಕಿಟಕಿಗೆ ಪಂಚೆ ಕಟ್ಟಿ, ಅರಸನ ಮುಖದ ಕೆಳಗೆ ತಟ್ಟೆ ಇಟ್ಟ. ವರದಯ್ಯ ಎರಡೂ ಕೈ ಚಾಚಿ ಕಂಬಳಿ ಹಿಡಿದು ನಿಂತ. ಪಂಚೆ ಏಕೆಂದರೆ, ಅದು ಕಿಟಕಿಯ ಬಿಸಿಲನ್ನು ಚದುರಿಸಿ ಮೆತ್ತಗೆ ಮಾಡುತ್ತದೆ. ತಟ್ಟೆ ಅದೇ ಬೆಳಕನ್ನು ಕೆಳಗಿನಿಂದ ಮುಖಕ್ಕೆ ಎಸೆಯುತ್ತದೆ. ಕಂಬಳಿಯನ್ನು ಮಾತ್ರ ಕಿಟಕಿಯ ಎದುರು ಬದಿಗೇ ಹಿಡಿಯಬೇಕು, ಏಕೆಂದರೆ... ಬಂದೆ, ಬಂದೆ! ನನ್ನನ್ನು ಮನೆಯೊಳಗೆ ಕರೆಯುತ್ತಿದ್ದಾರೆ, ಉಳಿದ ಕತೆ ಆಮೇಲೆ. ದಿವಾನರು ಹಾಗೇ ಹಿಡಿದುಕೊಂಡಿರಲಿ.