ಹಗಲು ನೀರು, ಇರುಳು ನೀರು

ನೀರ್ಗೋಡಿನ ಅರಸ ಚೆಲುವರಾಯ ಊರೂರಿಗೆ ಡಂಗುರ ಹೊಡೆಸಿದ: “ರಾಜಕುಮಾರಿ ಚಂದಾಂಬೆ ಮೂರು ಒಗಟು ಕೇಳುತ್ತಾಳೆ. ಬಿಡಿಸಿದವನು ಅರಮನೆಯ ಅಳಿಯ. ಅವನು ಬೇಡಿದ ಒಂದು ವರವೂ ಉಂಟು. ತಪ್ಪಿದವನಿಗೆ ತಲೆದಂಡ.”

ಈ ಉಸಾಬರಿಗೆ ಕಾರಣ ಆಸ್ಥಾನದ ಒಂದು ಜಗಳ. ರಾಜಧಾನಿಯ ಮೇಲುಕೇರಿಯಲ್ಲಿ ಕಣಜ ತುಂಬಿ ಚೆಲ್ಲುತ್ತಿದ್ದರೆ ಕೆಳಕೇರಿಯಲ್ಲಿ ಇಲಿಗೂ ಉಪವಾಸ. ಇದು ಹುಟ್ಟಿನಿಂದ ಬಂದ ಸವಲತ್ತು ಎಂದು ಒಬ್ಬ ಮಂತ್ರಿ. ಅಲ್ಲ, ಹಾಡುಹಗಲೇ ಮಲಗುವ ಜನರ ನಡೆವಳಿಕೆಯ ಫಲ ಎಂದು ಇನ್ನೊಬ್ಬ. ವಾದಿಸಿ ವಾದಿಸಿ ಇಬ್ಬರಿಗೂ ಬೊಜ್ಜು ಬಂತೇ ಹೊರತು ಉತ್ತರ ಬರಲಿಲ್ಲ. ಅದನ್ನು ಹೊರಗೆಳೆಯಲೆಂದೇ ರಾಜಕುಮಾರಿ ಒಗಟು ಕಟ್ಟಿದಳು.

ಕೆಳಕೇರಿಯ ದುಗ್ಗಪ್ಪ ಆ ವರದ ಆಸೆಗೆ ಹೊರಟ. ರಾತ್ರಿಯೆಲ್ಲ ಗದ್ದೆಗೆ ನೀರು ಕಟ್ಟಿ, ಕೆಸರುಗಾಲು ತೊಳೆದು, ಕಣ್ಣುಜ್ಜುತ್ತ ನಿಂತ ಮಗನಿಗೆ ಅವನವ್ವ ಈರಮ್ಮ ಹೇಳಿದ್ದು ಇಷ್ಟೇ: “ಇರೋದೊಂದೇ ತಲೆ ಕಣಪ್ಪ.”

ಸಭೆಯಲ್ಲಿ ಮೇಲುಕೇರಿಯ ಮದುವೆಗಂಡುಗಳು ಮೀಸೆ ತಿರುವಿಕೊಂಡು ಕೂತಿದ್ದರು. ರಾಜಕುಮಾರಿ ಮೊದಲ ಒಗಟು ಕೇಳಿದಳು. “ತೊಟ್ಟಿಲಿಗಿಂತ ಮೊದಲೇ ಮನೆಗೆ ಬಂದು ಕೂತಿರುತ್ತದೆ. ಇದ್ದವನ ಕಣ್ಣಿಗೆ ಬೀಳುವುದಿಲ್ಲ, ಇಲ್ಲದವನಿಗೆ ದಿನಾ ಕಾಣುತ್ತದೆ. ಏನದು?”

ಪಾಳೆಯಗಾರನ ಮಗ ವೀರಭೂಪ ಎದ್ದು, ವಂಶದ ರಕ್ತ ಎಂದ. ಕೊಯ್ದು ನೋಡಿದರೆ ಎಲ್ಲರದೂ ಕೆಂಪೇ ಎಂದು ಅವಳು ಅವನನ್ನು ತಲೆದಂಡದ ದಿನದವರೆಗೆ ಸೆರೆಗೆ ಕಳಿಸಿದಳು. ಪಂಡಿತರ ಮಗ ಹಣೆಬರಹ ಎಂದ. ಅದು ಇದ್ದವನಿಗೂ ಕಾಣದು, ಇಲ್ಲದವನಿಗೂ ಕಾಣದು ಎಂದು ಅವನನ್ನೂ ಹಿಂದೆಯೇ ಅಟ್ಟಿದಳು. ಉಳಿದವರ ಮೀಸೆ ತಾನಾಗಿ ಇಳಿಯಿತು.

ದುಗ್ಗಪ್ಪ ಮುಂದೆ ಬಂದ. “ಹಿರೇಕೆರೆ ನೀರಿನ ಮೊದಲ ಸರದಿ, ದೊರೆಸಾನಿ. ತಾತನ ಕಾಲದಿಂದ ಹಗಲು ನೀರು ಮೇಲುಕೇರಿ ಮನೆತನಗಳಿಗೆ. ಅವರು ಬಿಟ್ಟ ನೀರು ರಾತ್ರಿ ನಮಗೆ.”

ರಾಜಕುಮಾರಿ ತಲೆದೂಗಿದಳು. “ಒಂದೇ ಕೂಸು. ಸಿರಿವಂತರ ಮನೆಯಲ್ಲಿ ಅದಕ್ಕೆ ಮುದ್ದಿನ ಹೆಸರು, ಬಡವರ ಮನೆಯಲ್ಲಿ ಬೈಗುಳದ ಹೆಸರು. ಏನದು?”

ದುಗ್ಗಪ್ಪ ಉತ್ತರ ಹುಡುಕುತ್ತ ತಲೆ ಕೆರೆದುಕೊಂಡ. ಅಂಥ ಹೊತ್ತಿನಲ್ಲೇ ಹಾಳು ಆಕಳಿಕೆ ಬಂತು, ಅದೂ ಗುಹೆಯಂಥದ್ದು. ಕೆಳಕೇರಿಯ ಬುದ್ಧಿ ಎಲ್ಲಿ ಹೋಗುತ್ತದೆ, ಸೋಮಾರಿ ಎಂದು ಸಭೆ ನಕ್ಕಿತು. ಅವನೂ ನಕ್ಕುಬಿಟ್ಟ, ಏಕೆಂದರೆ ಉತ್ತರ ಅವನ ಬಾಯಲ್ಲೇ ಇತ್ತು.

“ಹಗಲು ನಿದ್ದೆ,” ಎಂದ. “ನೀವು ಮಲಗಿದ್ರೆ ವಿಶ್ರಾಂತಿ. ರಾತ್ರಿಯೆಲ್ಲ ನೀರು ಕಾದು ನಾವು ಮಲಗಿದ್ರೆ ಸೋಮಾರಿತನ.”

ರಾಜಕುಮಾರಿ ಮೂರನೆಯದನ್ನು ಕೇಳಿದಳು. “ಹಾಗಾದರೆ ಸರದಿ, ನಿದ್ದೆ, ಇವೆರಡರಲ್ಲಿ ತಾಯಿ ಯಾರು, ಮಗಳು ಯಾರು? ಬರೀ ಮಾತು ಬೇಡ, ಅದು ನಮ್ಮ ಮಂತ್ರಿಗಳಲ್ಲಿ ಬೇಕಾದಷ್ಟಿದೆ. ತೋರಿಸು.”

ಸರದಿಯೇ ತಾಯಿ ಎಂದ ದುಗ್ಗಪ್ಪ. ತೋರಿಸಲು ಒಂದು ಬೆಳೆಯ ಕಾಲ ಬೇಡಿದ: ಹಗಲು ನೀರು ಕೆಳಕೇರಿಗೆ ಬರಲಿ, ಇರುಳು ನೀರು ಮೇಲುಕೇರಿಗೆ ಹೋಗಲಿ, ಸೆರೆಯಲ್ಲಿರುವವರೂ ಹೊರಬಂದು ತಮ್ಮ ಗದ್ದೆ ಉಳಲಿ. “ಸುಗ್ಗಿವರೆಗೂ ನನ್ನ ತಲೆ ನಿಮ್ಮ ಹತ್ರ ಅಡವು.”

ರಾಜಕುಮಾರಿ ಒಪ್ಪಿ ಸರದಿ ಬದಲಿಸಿದಳು. ಕೆಳಕೇರಿಯವರು ಕೋಳಿ ಕೂಗುವ ಮೊದಲೇ ಎದ್ದು ಗದ್ದೆಗಿಳಿದರು. ತಮ್ಮ ಪೈರೇ ಕೈತುಂಬ ಕೆಲಸ ಕೊಟ್ಟಾಗ ಪರರ ಗದ್ದೆಗೆ ಆಳಾಗಿ ಹೋಗುವವರಾರು? ಮೇಲುಕೇರಿಯ ಯಜಮಾನರೇ ಪಂಚೆ ಎತ್ತಿಕಟ್ಟಿ ಇರುಳೆಲ್ಲ ಕೆಸರು ತುಳಿದರು. ಮಧ್ಯಾಹ್ನ ಅವರ ಜಗಲಿಗಳ ತುಂಬ ಗೊರಕೆ. ಆದರೆ ದುಗ್ಗಪ್ಪನ ಚಿಕ್ಕಪ್ಪನೊಬ್ಬ ಹಗಲು ನೀರು ಬಂದರೂ ಮಲಗಿಯೇ ಇದ್ದ. ದುಗ್ಗಪ್ಪ ಅದನ್ನು ಮುಚ್ಚಿಡಲಿಲ್ಲ.

ಸುಗ್ಗಿಯಲ್ಲಿ ಕೆಳಕೇರಿಯ ಕಣದಲ್ಲಿ ರಾಶಿ ಬಿತ್ತು. ರಾಜಕುಮಾರಿಗೆ ಅವನು ಹೇಳಿದ: “ತಾಯಿ ಸರದೀನೇ, ದೊರೆಸಾನಿ. ಆದ್ರೆ ಬೆಳೆದ ಮಗಳು ತಾಯಿ ಹೋದ್ಮೇಲೂ ಒಂದಷ್ಟು ದಿನ ಮನೇಲಿರ್ತಾಳೆ. ನಮ್ಮ ಚಿಕ್ಕಪ್ಪನ್ನ ನೋಡಿ.”

ಅವಳು ಮನಸಾರೆ ನಕ್ಕು ಅವನ ತಲೆಯನ್ನು ಅವನಿಗೇ ಬಿಟ್ಟುಕೊಟ್ಟಳು. ಇನ್ನು ಮೇಲೆ ಎರಡು ಕೇರಿಗೂ ಹಗಲು ನೀರು ಬೆಳೆಗೊಮ್ಮೆ ಬದಲಾಗಲಿ, ಸೆರೆಯವರ ತಲೆಯೂ ಉಳಿಯಲಿ ಎಂಬುದೇ ಅವನು ಬೇಡಿದ ವರ. ಅರಸ ಒಪ್ಪಿದ. ಈರಮ್ಮ ಮಗನ ತಲೆ ಸವರಿ ಸವರಿ ನೋಡಿದಳು.

ಮದುವೆಯ ಹೊತ್ತಿಗೆ ಇರುಳು ನೀರಿನ ಸರದಿ ಮತ್ತೆ ಮೇಲುಕೇರಿಗೆ ಬಂದಿತ್ತು. ಆ ದಿನ, ವಾಲಗ ಅಷ್ಟು ಜೋರಾಗಿದ್ದರೂ ವೀರಭೂಪ ಚಪ್ಪರದ ಕಂಬಕ್ಕೊರಗಿ ಗಾಢ ನಿದ್ದೆಯಲ್ಲಿದ್ದ. ಕೆಳಕೇರಿಯ ಹುಡುಗಿಯರು ಸೋಮಾರಿ, ಸೋಮಾರಿ ಎಂದು ಕಿಸಕ್ಕನೆ ನಕ್ಕು ಅವನ ಮೇಲೆ ಅಕ್ಷತೆ ಎಸೆದರು.

ಹಸೆಯ ಮೇಲಿದ್ದ ಮದುಮಗ ಕೈಯೆತ್ತಿ ತಡೆದ. “ಎಬ್ಬಿಸಬೇಡ್ರವ್ವ, ಪಾಪ. ರಾತ್ರಿಯೆಲ್ಲ ನೀರು ಕಟ್ಟಿ ಬಂದವ್ರೆ.”