ಇಳಿಯದ ಬೆಳಕಿನ ಕಾಗದ

ಕುರಿ ಕಾಯುವ ಯಮನೂರಪ್ಪ ಗುಡ್ಡದ ಮೇಲೆ ಇಳಿದ ಬೆಳಕನ್ನು ನೋಡಲು ಹೋಗಿ ಕಣ್ಣು ಕಳೆದುಕೊಂಡು ಬಂದ. ಅಲ್ಲಿ ಏನೂ ಇಳಿದಿಲ್ಲ ಎಂದಿತು ಸರ್ಕಾರ. ಆಸ್ಪತ್ರೆಯವರು ಅವನ ಚೀಟಿಯಲ್ಲಿ 'ಹುಟ್ಟುಕುರುಡು' ಎಂದು ಬರೆದು ಮನೆಗೆ ಕಳಿಸಿದರು. ಅಕ್ಕ ಫಕೀರವ್ವ ನಡೆದದ್ದನ್ನೆಲ್ಲ ಫೋನಿನಲ್ಲಿ ಹೇಳಿ, ಆ ವಿಡಿಯೊವನ್ನು ಊರೂರಿಗೆ ಹರಿಬಿಟ್ಟಳು. ಕೆಲವರು ಹಾರುವ ತಟ್ಟೆ ಎಂದು ಬರೆದರು, ಕೆಲವರು ಸರ್ಕಾರದ ಗುಟ್ಟು ಎಂದರು. ಹುಚ್ಚಿ ಎಂದವರೇ ಹೆಚ್ಚು.

ಎಂಟನೇ ದಿನ ಫಕೀರವ್ವನ ಮನೆಗೆ ಜೀಪಿನಲ್ಲಿ ಸರ್ಕಾರದ ಸಾಹೇಬರು ಬಂದರು.

"ಆಧಾರ್ ಕಾರ್ಡ್ ತೆಗಿ. ಈ ಎರಡು ಖಾಲಿ ಹಾಳೆಗೆ ಹೆಬ್ಬೆಟ್ಟು ಒತ್ತು. ಇಲ್ಲಾಂದ್ರೆ ಜೈಲು."

"ಒತ್ತತೀನ್ರಿ," ಅಂದಳು ಫಕೀರವ್ವ. "ಮೊದಲ ನನ್ನ ತಪ್ಪು ಏನಂತ ಬರೀರಿ. ಖಾಲಿ ಹಾಳಿಗೆ ಒತ್ತಿದ್ರ ನಾಳೆ ಯಾರರ ನನ್ನ ಹೊಲ ಬರಕೊಂಡಾರು."

ಸಾಹೇಬರು ಸಿಟ್ಟಿನಲ್ಲೇ ಎರಡೂ ಹಾಳೆಗಳಲ್ಲಿ ಬರೆದರು: 'ಗುಡ್ಡದ ಮೇಲೆ ಇಳಿದ ಬೆಳಕಿನಿಂದ ತಮ್ಮನ ಕಣ್ಣು ಹೋದ ಗುಟ್ಟನ್ನು ಬಯಲು ಮಾಡಿದ್ದು ನನ್ನ ತಪ್ಪು.' ಕೆಳಗೆ ಅವಳ ಆಧಾರ್ ನಂಬರ್ ಬರೆದು, ಸಹಿ ಮಾಡಿ ಮೊಹರು ಒತ್ತಿದರು. ಫಕೀರವ್ವ ಅಕ್ಷರ ಅಕ್ಷರ ಓದಿ ನೋಡಿ ಎರಡಕ್ಕೂ ಹೆಬ್ಬೆಟ್ಟು ಒತ್ತಿ, ಒಂದನ್ನು ಮಡಚಿ ಕುಪ್ಪಸದೊಳಗೆ ಇಟ್ಟುಕೊಂಡಳು.

ತಾವು ಬರೆದದ್ದನ್ನು ಮತ್ತೊಮ್ಮೆ ಓದಿದ ಸಾಹೇಬರ ಮುಖ ಬಿಳಿಚಿಕೊಂಡಿತು. "ಅದನ್ನ ಇಲ್ಲಿ ಕೊಡವ್ವ."

"ಅದರಾಗ ನನ್ನ ಹೆಬ್ಬೆಟ್ಟು, ಆಧಾರ್ ನಂಬರ್ ಅದಾವ್ರಿ. ಯಾರಿಗೂ ಕೊಡಬ್ಯಾಡ ಅಂತ ಸರ್ಕಾರದವರ ದಿನಾ ಫೋನಿನಾಗ ಹೇಳ್ತೀರಲ್ರಿ."

ಬೇಲಿಯಾಚೆ ಓಣಿಯ ಹೆಂಗಸರು ಫೋನು ಎತ್ತಿ ಹಿಡಿದು ನಿಂತಿದ್ದರು. ಸಾಹೇಬರು ತಮ್ಮ ಹಾಳೆಯನ್ನು ಹರಿದು ಜೇಬಿಗೆ ತುರುಕಿಕೊಂಡು ಹೊರಟುಹೋದರು.

ಆ ಕಾಗದ ನೋಡಿ ದೊಡ್ಡಾಸ್ಪತ್ರೆಯವರು ಯಮನೂರಪ್ಪನನ್ನು ಸೇರಿಸಿಕೊಂಡರು. ತಡವಾಗಿತ್ತು, ಕಣ್ಣು ಬರಲಿಲ್ಲ. ಫಕೀರವ್ವ ಹೊಸ ಚೀಟಿಯನ್ನು ತಮ್ಮನಿಗೆ ಓದಿ ಹೇಳಿದಳು: 'ಬೆಳಕಿನಿಂದ ಸುಟ್ಟ ಕಣ್ಣು.'

"ಇನ್ನೊಮ್ಮೆ ಓದಕ್ಕ," ಎಂದ ಅವನು.